ಕುಂಡೆ ಹಬ್ಬದ ವಿಡಿಯೊ ಕೇಬಲ್‌ನವರಿಗೆ ಕೊಡುವ ಮುಂಚೆ ಇದನ್ನೊಮ್ಮೆ ಓದಿ

ಮೇ ತಿಂಗಳಲ್ಲಿ ಕುಂಡೆ ಹಬ್ಬ ಶೂಟ್ ಮಾಡಿ ಲೋಕಲ್ ಚಾನೆಲ್‌ಗೆ ಕೊಡಬೇಕು ಅಂತಿರುವವರು ಸ್ವಲ್ಪ ನಿಲ್ಲಿ. ನನಗಾದದ್ದು ನಿಮಗೆ ಆಗುವುದು ಬೇಡ.

ಹೊರಗಿನವರಿಗಾಗಿ ಎರಡು ಮಾತು. ದಕ್ಷಿಣ ಕೊಡಗಿನ ದೇವರಪುರದಲ್ಲಿ ನಡೆಯುವ ಹಬ್ಬ ಇದು. ಜೇನು ಕುರುಬರು, ಯರವರು ಅನ್ನುವ ಬುಡಕಟ್ಟಿನವರು ಹೆಣ್ಣಿನ ವೇಷ ಹಾಕಿ, ಡಬ್ಬ ಬಡಿಯುತ್ತಾ, ಎದುರು ಸಿಕ್ಕವರನ್ನೆಲ್ಲ ಬೈದು ಕಾಸು ಕೇಳುತ್ತಾರೆ. ಬೇಟೆಗೆ ಕರೆದುಕೊಂಡು ಹೋಗಿ, ಭದ್ರಕಾಳಿಯನ್ನು ಕಂಡ ಕೂಡಲೇ ತಮ್ಮನ್ನು ಕಾಡಲ್ಲೇ ಬಿಟ್ಟು ಹೋದ ಅಂತ ಅಯ್ಯಪ್ಪನನ್ನೇ ಬೈಯುವವರು ಅವರು. ಇನ್ನು ತೋಟದ ಸಾಹುಕಾರರನ್ನು ಬಿಡುತ್ತಾರಾ? ಆ ದಿನ ಬೈಸಿಕೊಂಡವರೂ ನಗುತ್ತಾರೆ. ಟಿವಿಯಲ್ಲಿ ಬಂದರೆ ಮಾತ್ರ ಲೆಕ್ಕ ಬೇರೆ.

ನಾನು ಕೊಟ್ಟ ವಿಡಿಯೊದಲ್ಲಿ ಕೆಟ್ಟ ಪದ ಬಂದ ಕಡೆಯೆಲ್ಲ ಬೀಪ್ ಇತ್ತು. ಮಕ್ಕಳು ಮಲಗಿದ ಮೇಲೆ, ತಡರಾತ್ರಿ ಹಾಕಿದ್ದರು. ಆದರೂ ಮರುದಿನವೇ ಚಾನೆಲ್ ನಡೆಸುವವರ ಫೋನ್. "ಅಶ್ಲೀಲ ಅಂತ ಕಂಪ್ಲೇಂಟ್ ಹೋಗಿದೆಯಂತೆ ಮಾರಾಯ. ಪ್ರೋಗ್ರಾಂ ನಿಲ್ಲಿಸಿದ್ದೇನೆ. ದುಡ್ಡಿನ ಮಾತು ಈಗ ಎತ್ತಬೇಡ." ಕಂಪ್ಲೇಂಟ್ ಕೊಟ್ಟವರು ಯಾರು, ಯಾವ ಭಾಗಕ್ಕೆ, ಕಾಪಿ ಎಲ್ಲಿ? ಒಂದಕ್ಕೂ ಉತ್ತರ ಇಲ್ಲ.

ಸಿಟ್ಟು ಬೈಗುಳದ ಮೇಲಲ್ಲ ಅಂತ ಆಮೇಲೆ ತಿಳಿಯಿತು. ಒಂದು ಹಾಡಿನಲ್ಲಿ, ತಾವಿರುವ ಹಾಡಿಗೆ, ಅಂದರೆ ತಮ್ಮ ಕೇರಿಗೆ, ಬರಬೇಕಿದ್ದ ರಸ್ತೆ ಎಲ್ಲಿ ಹೋಯಿತು ಅಂತ ಕೇಳಿ ಊರಿನ ಮುಖಂಡರೊಬ್ಬರ ಕಾಲೆಳೆದಿದ್ದರು. ಆ ಸಾಲುಗಳಲ್ಲಿ ಬೀಪ್ ಹಾಕಲು ಒಂದೇ ಒಂದು ಪದ ಇರಲಿಲ್ಲ! ಚುನಾವಣೆ ಬೇರೆ ಹತ್ತಿರ. ರಸ್ತೆ ವಿಷಯಕ್ಕೆ ದೂರು ಕೊಟ್ಟರೆ ಜನ ನಗುತ್ತಾರೆ. ಅಶ್ಲೀಲ ಅಂದರೆ ಯಾರೂ ಎದುರಾಡುವುದಿಲ್ಲ, ಅಲ್ವಾ?

ಕಾನೂನನ್ನೂ ತೆಗೆದು ಓದಿದೆ. ಕೇಬಲ್ ಟಿವಿ ಕಾಯ್ದೆ 1995ರದ್ದು. ಕಾರ್ಯಕ್ರಮಗಳಿಗೆ ಕಟ್ಟುಪಾಡು ಇರುವುದು ಅದಕ್ಕೂ ಮುಂಚೆಯೇ ಬಂದ 1994ರ ಕೇಬಲ್ ಟಿವಿ ನಿಯಮಗಳಲ್ಲಿ, 6ನೇ ನಿಯಮ. ಒಳ್ಳೆಯ ಅಭಿರುಚಿಗೆ, ಸಭ್ಯತೆಗೆ ವಿರುದ್ಧವಾದದ್ದು ಬೇಡ ಅನ್ನುವುದರಿಂದಲೇ ಅದು ಶುರು. ಯಾರ ಅಭಿರುಚಿ? ಅದನ್ನು ಹೇಳಿಲ್ಲ. ಇನ್ನೂ ಕೆಳಗೆ, ವ್ಯಕ್ತಿಗಳನ್ನು ಟೀಕಿಸುವ, ಹೀಯಾಳಿಸುವ ಕಾರ್ಯಕ್ರಮವೂ ಕೂಡದು ಅಂತಿದೆ. ಹೀಯಾಳಿಸುವುದು ಬಿಡಿ, ಟೀಕೆಯೂ ಬೇಡವಂತೆ! ಇಂಥ ನಿಯಮ ಕೈಯಲ್ಲಿದ್ದರೆ ಯಾವ ರಾಜಕಾರಣಿ ಬಿಡುತ್ತಾನೆ?

ಆದರೆ ಅದೇ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪ್ರಸಾರ ನಿಲ್ಲಿಸಲು ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ ಮಟ್ಟದವರ ಆದೇಶ ಬೇಕು. ನನ್ನ ವಿಷಯದಲ್ಲಿ ಆದೇಶವೂ ಇಲ್ಲ, ನೋಟಿಸೂ ಇಲ್ಲ. ಒಂದು ಫೋನಿಗೇ ಕೆಲಸ ಮುಗಿಯಿತು. ಬರೀ ಬೈಗುಳ ಇದ್ದ ಮಾತ್ರಕ್ಕೆ ಅಶ್ಲೀಲ ಆಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2024ರಲ್ಲಿ ಒಂದು ವೆಬ್ ಸರಣಿಯ ಕೇಸಿನಲ್ಲಿ ಹೇಳಿದೆ. ಕೇಸೇ ಇಲ್ಲದಿದ್ದರೆ ಆ ತೀರ್ಪನ್ನು ಯಾರಿಗೆ ತೋರಿಸುವುದು?

ಹಾಗಾಗಿ, ಯಾರಾದರೂ ಬಾಯಿಮಾತಿನಲ್ಲಿ ನಿಲ್ಲಿಸಿ ಅಂದರೆ ಯಾವ ನಿಯಮ, ಎಷ್ಟನೇ ನಿಮಿಷದ ದೃಶ್ಯ ಅಂತ ಬರವಣಿಗೆಯಲ್ಲಿ ಕೇಳಿ. ಮೂಲ ವಿಡಿಯೊ ಅಳಿಸಬೇಡಿ. ಬೀಪ್ ಇಲ್ಲದ ತುಣುಕನ್ನು ಸುಮ್ನೆ ತಮಾಷೆಗೆ ಅಂತ ವಾಟ್ಸಾಪ್‌ನಲ್ಲಿ ಹಂಚಲೇಬೇಡಿ. ಕೇಬಲ್ ಕಾಯ್ದೆಯಲ್ಲಿದ್ದ ಜೈಲು ಶಿಕ್ಷೆಯನ್ನು 2023ರಲ್ಲಿ ತೆಗೆದರು. ಮೊಬೈಲ್‌ನಲ್ಲಿ ಅಶ್ಲೀಲವಾದದ್ದನ್ನು ಹಂಚುವುದಕ್ಕೆ ಅನ್ವಯಿಸುವ ಐಟಿ ಕಾಯ್ದೆಯ 67ನೇ ಸೆಕ್ಷನ್ ಹಾಗೇ ಇದೆ. ಮೊದಲ ಸಲಕ್ಕೇ 3 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಟಿವಿಗಿಂತ ಜೇಬಿನಲ್ಲಿರುವ ಫೋನೇ ಜಾಸ್ತಿ ಅಪಾಯ.

ನನಗೆ ಹೊಟ್ಟೆ ಉರಿದದ್ದು ದುಡ್ಡಿಗಲ್ಲ. ಹಾಡಿದ ಹುಡುಗರು ಕೂಲಿಗೆ ಹೋಗುವ ತೋಟದಲ್ಲೇ ಮಾತು ಕೇಳಬೇಕಾಯಿತು. ನೂರಾರು ಜನರ ಎದುರು, ದೇವಸ್ಥಾನದ ಅಂಗಳದಲ್ಲಿ ಹಾಡಿದ್ದು ಅದು. ಆಗ ಯಾರಿಗೂ ಅಶ್ಲೀಲ ಅನ್ನಿಸಿರಲಿಲ್ಲ. ಹಾಡಿದವರನ್ನು ಕೇಳದೆ ವಿಡಿಯೊದಲ್ಲಿ ಅವರ ಮುಖ ತೋರಿಸಬೇಡಿ. ವೇಷದಲ್ಲಿದ್ದರೂ ಊರವರಿಗೆ ಗುರುತು ಸಿಗುತ್ತದೆ.

ಒಪ್ಪಂದದ ಕಾಗದದ ಕೊನೆಯಲ್ಲಿ "ಕಾನೂನು ತೊಂದರೆಗೆ ಕಾರ್ಯಕ್ರಮ ಮಾಡಿದವರೇ ಹೊಣೆ" ಅಂತ ಸಣ್ಣ ಅಕ್ಷರದಲ್ಲಿ ಇರುತ್ತದೆ. ನನಗೆ ದುಡ್ಡು ಕೊಡದಿರಲು ಚಾನೆಲ್‌ನವರು ಹಿಡಿದುಕೊಂಡಿರುವುದು ಆ ಸಾಲನ್ನೇ. ಅದನ್ನು ಹೊಡೆದು ಹಾಕಲು ಒಪ್ಪದಿದ್ದರೆ ವಿಡಿಯೊ ಕೊಡಬೇಡಿ.