ಮೌಸ್ ಭ್ರೂಣದ ಶ್ವಾಸಕೋಶಕ್ಕೆ ಯಾವ ಇ-ಕ್ಯಾಡ್ಹೆರಿನ್ ಆ್ಯಂಟಿಬಾಡಿ?

ಮೊದಲೇ ಹೇಳಿಬಿಡುತ್ತೇನೆ, ಇ-ಕ್ಯಾಡ್ಹೆರಿನ್‌ಗೆ ಅಂಟಿ ಅದನ್ನು ಸ್ಲೈಡಿನಲ್ಲಿ ತೋರಿಸುವ ಆ್ಯಂಟಿಬಾಡಿಗಳಲ್ಲಿ ನನ್ನ ಓಟು ಇಸಿಸಿಡಿ-2ಕ್ಕೆ. ಕ್ಲೋನ್ 36, ಡೆಕ್ಮಾ-1 ಅನ್ನುವ ಇನ್ನೆರಡನ್ನೂ ಬಳಸಿ ನೋಡಿಯೇ ಹೇಳುತ್ತಿರುವುದು.

ಇ-ಕ್ಯಾಡ್ಹೆರಿನ್ ಎಪಿಥೀಲಿಯಂ (ಇಲ್ಲಿ ನಳಿಕೆಗಳ ಒಳಪದರ) ಕೋಶಗಳನ್ನು ಒಂದಕ್ಕೊಂದು ಅಂಟಿಸಿಡುವ ಪ್ರೋಟೀನ್. ಸುತ್ತಲಿನ ಮೀಸೆಂಕೈಮಿನಲ್ಲಿ, ಅಂದರೆ ಸಡಿಲ ಅಂಗಾಂಶದಲ್ಲಿ, ಇರುವುದಿಲ್ಲ. ಹಾಗಾಗಿ ಸ್ಟೇನ್ ಸರಿಯಾಗಿ ಕೂತರೆ ಕವಲೊಡೆಯುವ ನಳಿಕೆಗಳಷ್ಟೇ ಹೊಳೆಯಬೇಕು, ಉಳಿದದ್ದು ಕಪ್ಪಗಿರಬೇಕು.

ನಮ್ಮ ಫ್ರೀಜರಿನಲ್ಲಿ ಮೊದಲಿಂದ ಇದ್ದದ್ದು ಕ್ಲೋನ್ 36. ವೆಸ್ಟರ್ನ್ ಬ್ಲಾಟಿಗೆ (ಅರೆದ ಅಂಗಾಂಶದ ಪ್ರೋಟೀನುಗಳನ್ನು ಬೇರ್ಪಡಿಸಿ ನೋಡುವ ಪರೀಕ್ಷೆ) ಅದರ ಮೇಲೆ ದೂರಿಲ್ಲ. ಗರ್ಭದ 12.5ನೇ ದಿನದ ಶ್ವಾಸಕೋಶದಲ್ಲೂ ಪರವಾಗಿಲ್ಲ. ತಲೆನೋವು ಶುರುವಾಗುವುದು 17.5ನೇ ದಿನಕ್ಕೆ ಬಂದಾಗ. ಇದು ಮೌಸ್‌ನಲ್ಲೇ ತಯಾರಾದ ಆ್ಯಂಟಿಬಾಡಿ. ಅದನ್ನು ಹಿಡಿಯಲು ಹಾಕುವ, ಬಣ್ಣ ಕಟ್ಟಿದ ಎರಡನೇ ಆ್ಯಂಟಿಬಾಡಿಗೆ, ಅಂದರೆ ಸೆಕೆಂಡರಿಗೆ, ಮೌಸ್‌ನ ಯಾವ ಐಜಿಜಿ (ರಕ್ತದಲ್ಲಿರುವ ಸಾಮಾನ್ಯ ಬಗೆಯ ಆ್ಯಂಟಿಬಾಡಿ) ಸಿಕ್ಕರೂ ಒಂದೇ. ಭ್ರೂಣ ತಾನಾಗಿ ಐಜಿಜಿ ಮಾಡಿಕೊಳ್ಳದಿದ್ದರೂ ತಾಯಿಯದ್ದು ಯೋಕ್ ಸ್ಯಾಕ್ (ಭ್ರೂಣದ ಸುತ್ತಲಿನ ಚೀಲ) ದಾಟಿ ಬರುತ್ತದೆ, ದಿನ ತುಂಬಿದಷ್ಟೂ ಜಾಸ್ತಿ ಬರುತ್ತದೆ. ರಕ್ತನಾಳ, ಮೀಸೆಂಕೈಮ್ ಎಲ್ಲ ಮಸುಕಾಗಿ ಹೊಳೆಯತೊಡಗುತ್ತವೆ. ಪ್ರೈಮರಿ, ಅಂದರೆ ಮೊದಲ ಆ್ಯಂಟಿಬಾಡಿ, ಹಾಕದೆ ಬರೀ ಸೆಕೆಂಡರಿ ಹಾಕಿದ ಸ್ಲೈಡ್ ನೋಡಿ, ಅಲ್ಲೂ ಅದೇ ಮಸುಕು.

ಇದಕ್ಕೆ ಮದ್ದಿಲ್ಲ ಅಂತಲ್ಲ. ಆ ಮೌಸ್ ಐಜಿಜಿಯನ್ನು ಫ್ಯಾಬ್ ತುಣುಕುಗಳಿಂದ (ಆ್ಯಂಟಿಬಾಡಿಯ ಅಂಟುವ ತುದಿಗಳು) ಮೊದಲೇ ಬ್ಲಾಕ್ ಮಾಡಬಹುದು. ನಮಗೆ ಮಸುಕು ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ದುಡ್ಡು, ಹೊತ್ತು ಎರಡೂ ಹೆಚ್ಚು. ಇನ್ನೊಂದು ತೊಡಕು: ನಾನು ಶ್ವಾಸನಾಳದ ಸುತ್ತಲಿನ ನಯಸ್ನಾಯುವನ್ನೂ ಜೊತೆಗೇ ನೋಡುವವಳು. ಅದಕ್ಕೆ ಬಣ್ಣ ಕಟ್ಟಿಕೊಂಡೇ ಬರುವ 1ಎ4 ಕ್ಲೋನ್ ಹಾಕುತ್ತೇನೆ. ಅದೂ ಮೌಸ್‌ನದೇ, ಅದೂ ಐಜಿಜಿ2ಎ ಅನ್ನುವ ಉಪವರ್ಗದ್ದು. ಕ್ಲೋನ್ 36 ಕೂಡ ಐಜಿಜಿ2ಎ! ಉಪವರ್ಗ ನೋಡಿ ಬೇರೆ ಮಾಡೋಣ ಅಂದರೆ ಆ ದಾರಿಯೂ ಬಂದ್.

ಇಸಿಸಿಡಿ-2 ಕ್ಯೋಟೋದಲ್ಲಿ ಮಸಾತೋಷಿ ತಾಕೆಇಚಿ ಅವರ ತಂಡ ಮಾಡಿದ್ದು, ರ್‍ಯಾಟ್‌ನಲ್ಲಿ ತಯಾರಾದದ್ದು. ಸೆಕೆಂಡರಿ ರ್‍ಯಾಟ್ ಐಜಿಜಿಗೆ ಅಂಟಿದರೆ ಸಾಕು. ಕೋಶಗಳ ಅಂಚು ಜೇನುಗೂಡಿನ ಹಾಗೆ ಬಿಡಿಬಿಡಿಯಾಗಿ ಕಾಣುತ್ತದೆ. 1ಎ4 ಜೊತೆ ಜಗಳವಿಲ್ಲ. ಕವಲಿನ ತುದಿಯ ಕೋಶಗಳಲ್ಲಿರುವ ಸಾಕ್ಸ್9 ಪ್ರೋಟೀನಿಗೆ ಅಂಟುವ, ಮೊಲದಲ್ಲಿ ತಯಾರಾದ ಆ್ಯಂಟಿಬಾಡಿಯನ್ನೂ ಸೇರಿಸಿದರೆ ಕವಲಿನ ತುದಿ ಒಂದು ಬಣ್ಣ, ನಳಿಕೆಯ ಗೋಡೆ ಒಂದು, ಸ್ನಾಯು ಇನ್ನೊಂದು.

ಆದರೆ ಎರಡು ವಿಷಯ ನೆನಪಿರಲಿ. ರ್‍ಯಾಟ್, ಮೌಸ್ ಹತ್ತಿರದ ನೆಂಟರು. ಸುಮ್ನೆ ಯಾವುದೋ ಆ್ಯಂಟಿ-ರ್‍ಯಾಟ್ ಸೆಕೆಂಡರಿ ತಂದರೆ ಅದು ಮೌಸ್ ಐಜಿಜಿಗೂ ಅಂಟುತ್ತದೆ, ಹಳೇ ಮಸುಕು ಹಿಂದಿನ ಬಾಗಿಲಿನಿಂದ ಬರುತ್ತದೆ. ಲೇಬಲ್ ಮೇಲೆ ‘ಮೌಸ್ ಅಡ್ಸಾರ್ಬ್ಡ್’ (ಮೌಸ್ ಐಜಿಜಿಗೆ ಅಂಟುವುದನ್ನು ಮೊದಲೇ ತೆಗೆದದ್ದು) ಅಂತ ಇರಲೇಬೇಕು. ಎರಡನೆಯದು, ಇಸಿಸಿಡಿ-2 ಹಿಡಿಯುವುದು ಕೋಶದ ಹೊರಗಿರುವ ಭಾಗವನ್ನು, ಆ ಭಾಗ ಗಟ್ಟಿಯಾಗಿ ನಿಲ್ಲಲು ಕ್ಯಾಲ್ಸಿಯಂ ಬೇಕು. ನಾನು ಎಲ್ಲ ತೊಳೆತಕ್ಕೂ 1 ಮಿಲಿಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್ ಹಾಕಿದ ಟಿಬಿಎಸ್ (ಉಪ್ಪು ಬೆರೆಸಿದ ಟ್ರಿಸ್ ಬಫರ್ ದ್ರಾವಣ) ಬಳಸುತ್ತೇನೆ.

ಡೆಕ್ಮಾ-1 ಕೂಡ ರ್‍ಯಾಟ್‌ನದೇ, ಸ್ಟೇನ್ ಚೆನ್ನಾಗಿಯೇ ಬರುತ್ತದೆ. ಜೀವಂತ ಕೋಶಗಳ ಹಿಡಿತ ಬಿಡಿಸಿ ನೋಡುವವರಿಗೆ ಅದೇ ಸರಿ, ಆದರೆ ಅಜೈಡ್ (ಕೆಡದಂತೆ ಹಾಕುವ, ಕೋಶಗಳಿಗೆ ವಿಷವಾದ ಪದಾರ್ಥ) ಇಲ್ಲದ್ದೇ ತರಿಸಬೇಕು. ನನಗೆ ಆ ಕೆಲಸವಿಲ್ಲ.

ಬ್ಲಾಟ್ ಜಾಸ್ತಿ ಮಾಡುವವರು ಕ್ಲೋನ್ 36 ಇಟ್ಟುಕೊಳ್ಳಿ. ಮನುಷ್ಯರ ಅಂಗಾಂಶ ನೋಡುವವರಿಗೆ ಎಚ್‌ಇಸಿಡಿ-1 ಅಂತ ಬೇರೆಯೇ ಇದೆ. ಮೌಸ್ ಭ್ರೂಣದ ಸ್ಲೈಡೇ ಮುಖ್ಯ, ಗ್ರ್ಯಾಂಟಿನಲ್ಲಿ ಒಂದೇ ವಯಲ್‌ಗೆ ಜಾಗವಿದೆ ಅಂದರೆ ಇಸಿಸಿಡಿ-2 ತಗೊಳ್ಳಿ, ಫ್ಯಾಬ್‌ಗೆ ಎತ್ತಿಟ್ಟ ದುಡ್ಡನ್ನು ಒಳ್ಳೇ ಸೆಕೆಂಡರಿಗೆ ಹಾಕಿ.