ಸಾಂಕ್ರಿಯಲ್ಲಿ ಮಳೆ, ಕೇದಾರಕಂಠದಲ್ಲಿ ಹಿಮ: ಯಾವ ಮುನ್ಸೂಚನೆ ನೆಚ್ಚಲಿ?

ಡಿಸೆಂಬರ್ ಮೊದಲ ವಾರದಲ್ಲಿ ಉತ್ತರಾಖಂಡದ ಉತ್ತರಕಾಶಿ ಜಿಲ್ಲೆಯ ಕೇದಾರಕಂಠ ಶಿಖರಕ್ಕೆ ಚಾರಣ ಹೊರಡುವವರೆಲ್ಲ ಕೇಳುವುದು ಒಂದೇ: ಹಿಮ ಸಿಗುತ್ತದೆಯೇ? ಬೆಂಗಳೂರಿನಿಂದ ಎರಡು ಸಲ ಹೋಗಿಬಂದೆ. ಎರಡೂ ಸಲ ಹೊರಡುವ ಹತ್ತು ದಿನ ಮೊದಲಿನಿಂದಲೇ ಬೇರೆ ಬೇರೆ ಮುನ್ಸೂಚನೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ಬೆಟ್ಟದ ಮೇಲೆ ತಾಳೆ ನೋಡಿದೆ.

ಮೊಬೈಲಿನ ಜೊತೆಗೇ ಬರುವ ಹವಾಮಾನ ಆ್ಯಪ್ ಬೇಡವೇ ಬೇಡ. ಅದು ತೋರಿಸಿದ್ದು ಚಾರಣ ಶುರುವಾಗುವ ಸಾಂಕ್ರಿ ಹಳ್ಳಿಯ ಮಳೆಯನ್ನು. ಸಾಂಕ್ರಿ ಇರುವುದು ಸುಮಾರು 1,950 ಮೀಟರ್ ಎತ್ತರದಲ್ಲಿ, ಶಿಖರ ಸುಮಾರು 3,800ರಲ್ಲಿ. ಸಾವಿರ ಮೀಟರ್ ಏರಿದಂತೆ ಉಷ್ಣಾಂಶ ಆರೂವರೆ ಡಿಗ್ರಿ ಇಳಿಯುತ್ತದೆಂದು ಲೆಕ್ಕ ಹಾಕಿದರೆ ಹನ್ನೆರಡು ಡಿಗ್ರಿ ಅಂತರ. ಮೊದಲ ಸಲ ಆ ಆ್ಯಪನ್ನೇ ನಂಬಿ ಗೇಟರ್ (ಬೂಟಿನೊಳಗೆ ಹಿಮ ಇಳಿಯದಂತೆ ಕಾಲಿಗೆ ಕಟ್ಟುವ ಹೊದಿಕೆ) ಒಯ್ಯಲಿಲ್ಲ. ದಾರಿಯಲ್ಲಿನ ಜೂಡಾ ಕಾ ತಾಲಾಬ್ ಕೆರೆ ದಾಟುತ್ತಲೇ ಬೂಟಿನೊಳಗೆ ಹಿಮ ಇಳಿದು ಕಾಲ್ಚೀಲ ತೊಯ್ದು ಹೋಯಿತು.

ಡೆಹ್ರಾಡೂನ್ ಹವಾಮಾನ ಕೇಂದ್ರದ ಬುಲೆಟಿನ್ ಉತ್ತರಕಾಶಿ ಜಿಲ್ಲೆಗೆಲ್ಲ ಒಂದೇ. ಆದರೂ ಹಿಮ ಎಷ್ಟು ಎತ್ತರದಿಂದ ಮೇಲೆ ಬೀಳಬಹುದೆಂದು ಹೇಳುತ್ತದೆ, ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆಯನ್ನೂ ಕೊಡುತ್ತದೆ. ಹೋಗುವುದೋ ನಿಲ್ಲುವುದೋ ಎಂಬ ತೀರ್ಮಾನಕ್ಕೆ ನನಗೆ ಇದೇ ಆಧಾರ.

ಹೆಚ್ಚು ಕಲಿತದ್ದು ವಿಂಡಿ ಎಂಬ ಹವಾಮಾನ ಆ್ಯಪ್‌ನಿಂದ. ಅದರಲ್ಲಿ ಯುರೋಪಿನ ಇಸಿಎಂಡಬ್ಲ್ಯುಎಫ್, ಅಮೆರಿಕದ ಜಿಎಫ್‌ಎಸ್ ಎಂಬ ಎರಡು ಕಂಪ್ಯೂಟರ್ ಮುನ್ಸೂಚನಾ ಮಾದರಿಗಳನ್ನೂ ಒಂದಾದ ಮೇಲೊಂದು ನೋಡಬಹುದು. ಇಲ್ಲಿನ ಚಳಿಗಾಲದ ಹಿಮವನ್ನು ಹೆಚ್ಚಾಗಿ ತರುವುದು ಮೆಡಿಟರೇನಿಯನ್ ಕಡೆಯಿಂದ ಬರುವ ವೆಸ್ಟರ್ನ್ ಡಿಸ್ಟರ್ಬೆನ್ಸ್ ಎಂಬ ಮಳೆ-ಹಿಮದ ಮಾರುತ ವ್ಯವಸ್ಥೆ. ಅದು ಬರುವ ದಿನದ ಬಗ್ಗೆ ಎರಡು ಮಾದರಿಗಳೂ ಒಪ್ಪಿದರೆ ಮಾತ್ರ ನಾನು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಎಷ್ಟು ಸೆಂಟಿಮೀಟರ್ ಹಿಮ ಎಂಬ ಅಂಕಿಯನ್ನು ನೋಡುವುದಿಲ್ಲ. ಮಾದರಿ ನೆಲವನ್ನು ಚೌಕಗಳಾಗಿ ಹಂಚಿ ಲೆಕ್ಕ ಹಾಕುತ್ತದೆ, ಯುರೋಪಿನ ಮಾದರಿಯ ಒಂದು ಚೌಕದ ಬದಿಯೇ ಸುಮಾರು 9 ಕಿಲೋಮೀಟರ್. ಅಷ್ಟರಲ್ಲಿ ಕಣಿವೆ, ಕಾಡು, ಶಿಖರ ಎಲ್ಲವೂ ಸೇರಿ ಒಂದೇ ಸರಾಸರಿ ಎತ್ತರವಾಗಿಬಿಡುತ್ತವೆ. ನಾನು ನೋಡುವುದು ಸೊನ್ನೆ ಡಿಗ್ರಿ ಎಷ್ಟು ಎತ್ತರದಲ್ಲಿದೆ ಎಂಬುದನ್ನು. ಋತುವಿನ ಆರಂಭದಲ್ಲಿ ಮಳೆಯೋ ಹಿಮವೋ ಎಂಬುದು ಅದರ ಮೇಲೆಯೇ ನಿಂತಿದೆ.

ಎರಡನೆಯ ಸಲ ಸೊನ್ನೆ ಡಿಗ್ರಿಯ ಎತ್ತರ 3,000 ಮೀಟರ್ ಎಂದು ವಿಂಡಿ ತೋರಿಸಿತ್ತು. ನಮ್ಮ ಡೇರೆ ಇದ್ದದ್ದು 2,700ರ ಸುಮಾರಿನಲ್ಲಿ. ಮೂರು ಗಂಟೆಗೆ ಜಾಕೆಟ್ಟಿನ ತೋಳಿನ ಮೇಲೆ ಬರೀ ಹನಿ. ನಾಲ್ಕಕ್ಕೆ ಹನಿಯೊಳಗೆ ರವೆಯಂಥ ಬಿಳಿ ಕಾಳು. ಐದಕ್ಕೆ ಅರಳಿದ ಹಿಮ, ತೋಳಿನ ಮೇಲೆ ಕರಗದೆ ಹಾಗೇ ಕೂತಿತ್ತು. ಹಿಮ ಕರಗುತ್ತಾ ಗಾಳಿಯನ್ನು ತಣ್ಣಗಾಗಿಸುವುದರಿಂದ ಸೊನ್ನೆ ರೇಖೆಗಿಂತ ಕೆಲವು ನೂರು ಮೀಟರ್ ಕೆಳಗೂ ಅದು ನೆಲ ಮುಟ್ಟಬಲ್ಲದು.

ಮೌಂಟೇನ್ ಫೋರ್‌ಕಾಸ್ಟ್ ಎಂಬ ಜಾಲತಾಣ ಎತ್ತರಕ್ಕೆ ತಕ್ಕಂತೆ ಗಾಳಿ, ಚಳಿಯನ್ನು ಬೇರೆ ಬೇರೆಯಾಗಿ ಕೊಡುತ್ತದೆ. ಶಿಖರವೇರುವ ನಸುಕಿಗೆ ಎಷ್ಟು ಬಟ್ಟೆ ಬೇಕೆಂದು ಅದರಿಂದ ತಿಳಿಯುತ್ತದೆ. ಇವೆಲ್ಲವನ್ನೂ ಕೊನೆಯ ಸಲ ಸಾಂಕ್ರಿಯ ದಾರಿಯಲ್ಲಿ ಸಿಗುವ ಪುರೋಲ ಪಟ್ಟಣದಲ್ಲೇ ನೋಡಿ ಬರೆದುಕೊಳ್ಳಿ, ಮುಂದಿನ ಊರಾದ ಮೋರಿ ದಾಟಿದ ಮೇಲೆ ನೆಟ್‌ವರ್ಕ್ ನೆಚ್ಚುವಂತಿಲ್ಲ.