ಫೋಟೋ ಕುಗ್ಗಿಸಲು ಇರ್ಫಾನ್‌ವ್ಯೂ: ಅಳತೆ ಬೇರೆ, ತೂಕ ಬೇರೆ

ವಿಂಡೋಸ್‌ನಲ್ಲಿ ಫೋಟೋ ನೋಡಲು, ಕುಗ್ಗಿಸಲು ಬಳಸುವ ಇರ್ಫಾನ್‌ವ್ಯೂ ತಂತ್ರಾಂಶದಲ್ಲಿ ಕಂಟ್ರೋಲ್ ಹಿಡಿದು ಆರ್ ಒತ್ತಿದರೆ ಅಳತೆಯ ಕಿಟಕಿ ತೆರೆಯುತ್ತದೆ. ಬರೀ ಎಸ್ ಒತ್ತಿದರೆ ಉಳಿಸುವ ಕಿಟಕಿ, ಅದರ ಪಕ್ಕದಲ್ಲೇ ಜೆಪೆಗ್ (ಫೋಟೋ ಉಳಿಸುವ ಮಾಮೂಲಿ ಫೈಲ್ ಬಗೆ) ಆಯ್ಕೆಗಳ ಇನ್ನೊಂದು ಪುಟ್ಟ ಕಿಟಕಿ. ಇರ್ಫಾನ್‌ವ್ಯೂ ಇಷ್ಟು ವರ್ಷ ಲ್ಯಾಪ್‌ಟಾಪಿನಿಂದ ಕದಲದೆ ಉಳಿದಿರುವುದಕ್ಕೆ ಇವೆರಡು ಬೇರೆ ಬೇರೆಯಾಗಿರುವುದೇ ದೊಡ್ಡ ಕಾರಣ. ‘ಫೋಟೋ ಸೈಜ್ ಕಮ್ಮಿ ಮಾಡು’ ಎನ್ನುವ ಒಂದೇ ಮಾತಿನಲ್ಲಿ ನಾವು ಎರಡು ಕೆಲಸ ತುರುಕುತ್ತೇವೆ. ಪಿಕ್ಸೆಲ್ ಲೆಕ್ಕದ ಅಗಲ–ಎತ್ತರ ಒಂದು, ಕೆಬಿ ಲೆಕ್ಕದ ತೂಕ ಇನ್ನೊಂದು. ಆನ್‌ಲೈನ್‌ನಲ್ಲಿ ಕಾಣುವ ಹಾಳಾದ ಫೋಟೋಗಳಲ್ಲಿ ಹೆಚ್ಚಿನವು ಇವೆರಡನ್ನು ಒಂದೇ ಎಂದುಕೊಂಡದ್ದರಿಂದ ಹಾಳಾದವು.

24 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರ 6000×4000. ಫೋಟೋ ಹಾಕುವ ಜಾಗದಲ್ಲಿ 200 ಕೆಬಿ ಮಿತಿ ಇದೆ ಎಂದುಕೊಳ್ಳಿ. ಅಳತೆ ಮುಟ್ಟದೆ ಗುಣಮಟ್ಟವನ್ನಷ್ಟೇ ಇಳಿಸುತ್ತ ಹೋದರೆ ಒಂದೊಂದು ಪಿಕ್ಸೆಲ್‌ಗೆ ಸಿಗುವುದು ಸುಮಾರು 0.07 ಬಿಟ್ (ಎಂಟು ಬಿಟ್ ಸೇರಿದರೆ ಒಂದು ಬೈಟ್). ಜೆಪೆಗ್ ಚಿತ್ರವನ್ನು 8×8ರ ಚೌಕಗಳಾಗಿ ಒಡೆದು ಹಿಂಡುತ್ತದೆ. ಅಷ್ಟು ಕಮ್ಮಿ ಬಿಟ್‌ನಲ್ಲಿ ಆ ಚೌಕಗಳೇ ಎದ್ದು ಕಾಣುತ್ತವೆ, ಆಕಾಶ ಪಟ್ಟೆಪಟ್ಟೆಯಾಗುತ್ತದೆ. ಅದೇ ಚಿತ್ರವನ್ನು ಮೊದಲು 1600×1067ಕ್ಕೆ ತಂದರೆ ಅದೇ 200 ಕೆಬಿಯಲ್ಲಿ ಪಿಕ್ಸೆಲ್‌ಗೆ ಹತ್ತಿರಹತ್ತಿರ ಒಂದು ಬಿಟ್ ಸಿಗುತ್ತದೆ, ಚಿತ್ರ ಚೊಕ್ಕಟವಾಗಿ ಉಳಿಯುತ್ತದೆ. ಆದ್ದರಿಂದ ಮೊದಲು ಅಳತೆ, ಆಮೇಲೆ ತೂಕ. ಈ ತಂತ್ರಾಂಶದಲ್ಲಿ ಕಿಟಕಿಗಳು ಬರುವುದೂ ಅದೇ ಸರದಿಯಲ್ಲಿ.

ಆಸ್ಟ್ರಿಯಾದಲ್ಲಿ ಓದಿದ ಬೋಸ್ನಿಯಾ ಮೂಲದ ಇರ್ಫಾನ್ ಸ್ಕಿಲ್ಯಾನ್ 1996ರಲ್ಲಿ ಹೊರತಂದ ಈ ತಂತ್ರಾಂಶದ ಮುಖ ಈಗಲೂ ಆ ಕಾಲದ್ದೇ. ಬೂದು ಬಣ್ಣ, ಒತ್ತೊತ್ತಾದ ಗುಂಡಿಗಳು. ಆದರೆ 4 ಜಿಬಿ ರ‍್ಯಾಮಿನ ಹಳೇ ವಿಂಡೋಸ್ ಯಂತ್ರದಲ್ಲೂ ಕ್ಲಿಕ್ ಮಾಡಿದೊಡನೆ ಫೋಟೋ ತೆರೆಯುತ್ತದೆ. ದಿನಾ ನಾಲ್ಕಾರು ಚಿತ್ರ ಕುಗ್ಗಿಸುವವರಿಗೆ ಅಂದಕ್ಕಿಂತ ಇದು ಮುಖ್ಯ.

ದಿನದ ಕ್ರಮ ಇಷ್ಟು. ಮೂಲ ಫೈಲನ್ನೇ ತೆರೆಯಬೇಕು. ವಾಟ್ಸಾಪ್‌ನಲ್ಲಿ ಮಾಮೂಲಿ ಫೋಟೋವಾಗಿ ಬಂದ ಪ್ರತಿ ಬೇಡ, ಅದು ಆಗಲೇ ಒಮ್ಮೆ ಕುಗ್ಗಿ ಹಿಂಡಿಸಿಕೊಂಡದ್ದು. ಕಳಿಸುವವರಿಗೆ ‘ಡಾಕ್ಯುಮೆಂಟ್ ಆಗಿ ಕಳಿಸಿ’ ಎಂದು ಹೇಳಿದರೆ ಮೂಲವೇ ಬರುತ್ತದೆ. ತೆರೆದ ಮೇಲೆ ಐ ಒತ್ತಿ ಅಳತೆ ನೋಡಿಕೊಳ್ಳಿ. ಕತ್ತರಿಸುವುದಿದ್ದರೆ ಈಗಲೇ ಕತ್ತರಿಸಿ: ಮೌಸಿನಿಂದ ಚೌಕ ಎಳೆದು ಕಂಟ್ರೋಲ್–ವೈ. ಆಮೇಲೆ ಕಂಟ್ರೋಲ್–ಆರ್, ಉದ್ದನೆಯ ಬದಿಗೆ 1600. ಆಸ್ಪೆಕ್ಟ್ ರೇಶಿಯೋ (ಅಗಲ–ಎತ್ತರದ ಅನುಪಾತ) ಕಾಯ್ದುಕೊಳ್ಳುವ ಟಿಕ್ ಗುರುತು ಇದ್ದರೆ ಇನ್ನೊಂದು ಬದಿ ತಾನೇ ತುಂಬಿಕೊಳ್ಳುತ್ತದೆ. ಕೆಳಗಿನ ಆಯ್ಕೆ ‘ರೀಸೈಜ್’ ಅಲ್ಲ, ‘ರೀಸ್ಯಾಂಪಲ್’ ಆಗಿರಲಿ, ಫಿಲ್ಟರ್ ಲ್ಯಾಂಕ್ಜೋಸ್. ಡಿಪಿಐ (ಇಂಚಿಗೆ ಎಷ್ಟು ಚುಕ್ಕೆ) ಖಾನೆಯಲ್ಲಿ 72 ಇದ್ದರೂ 300 ಇದ್ದರೂ ಪರದೆಯ ಮೇಲೆ ಕೂದಲೆಳೆಯ ವ್ಯತ್ಯಾಸವೂ ಆಗದು. ಅದು ಪ್ರಿಂಟಿನ ಮಾತು.

ರೀಸ್ಯಾಂಪಲ್ ಏಕೆ ಎನ್ನುವುದನ್ನು ಬೇಲೂರಿನ ಜಾಲಂಧ್ರಗಳ ಚಿತ್ರ ತೋರಿಸಿಕೊಡುತ್ತದೆ. 6000ದಿಂದ 1600ಕ್ಕೆ ಇಳಿಸಿದಾಗ ಹೊಸ ಒಂದು ಪಿಕ್ಸೆಲ್ ಹಳೆಯ 14 ಪಿಕ್ಸೆಲ್‌ಗಳ ಜಾಗದಲ್ಲಿ ಕೂರುತ್ತದೆ. ವೇಗದ ‘ರೀಸೈಜ್’ ವಿಧಾನ ಆ 14ರಲ್ಲಿ ಬಹುಪಾಲನ್ನು ನೋಡುವುದೇ ಇಲ್ಲ, ಹಾಗಾಗಿ ಕಲ್ಲಿನ ಜಾಲಿಯ ಮೇಲೆ ಅಲ್ಲಿಲ್ಲದ ಅಲೆಯಲೆಯ ವಿನ್ಯಾಸ ಮೂಡುತ್ತದೆ. ಇಳಕಲ್ ಸೀರೆಯ ಸಣ್ಣ ಚೌಕಳಿಯಲ್ಲೂ ಇದೇ ತೊಂದರೆ. ಲ್ಯಾಂಕ್ಜೋಸ್ ಸುತ್ತಲಿನ ಪಿಕ್ಸೆಲ್‌ಗಳನ್ನೆಲ್ಲ ತೂಗಿ ಸರಾಸರಿ ತೆಗೆಯುತ್ತದೆ. ಅರೆ ಸೆಕೆಂಡು ಹೆಚ್ಚು ಹಿಡಿದರೂ ಜಾಲಿ ಜಾಲಿಯಾಗಿಯೇ ಉಳಿಯುತ್ತದೆ.

ಸರಾಸರಿ ತೆಗೆದ ಮೇಲೆ ಚಿತ್ರ ತುಸು ಮೆತ್ತಗಾಗುತ್ತದೆ. ಅದಕ್ಕೇ ಅಳತೆಯ ಕಿಟಕಿಯಲ್ಲಿ ಕುಗ್ಗಿಸಿದ ಬಳಿಕ ಶಾರ್ಪನ್ ಮಾಡುವ (ಅಂಚುಗಳನ್ನು ಮೊನಚಾಗಿಸುವ) ಗುರುತೊಂದಿದೆ. ಅದನ್ನು ಖಾಲಿ ಬಿಡುವುದೇ ಒಳ್ಳೆಯದು. ಕುಗ್ಗಿಸಿ, ಕಂಟ್ರೋಲ್–ಎಚ್ ಒತ್ತಿ ಚಿತ್ರವನ್ನು ನಿಜ ಅಳತೆಯಲ್ಲಿ ನೋಡಿ, ಬಳಿಕ ಶಾರ್ಪನ್‌ಗೆ ಶಿಫ್ಟ್–ಎಸ್ ಒಮ್ಮೆ. ಹಕ್ಕಿಯ ಗರಿ, ಹೊಯ್ಸಳ ಶಿಲ್ಪದ ಒಡವೆಯ ಮಣಿಗಳು ಗರಿಗರಿಯಾಗಿ ಎದ್ದು ಬರುವ ಆ ಕ್ಷಣ ಪ್ರತಿ ಸಲವೂ ಖುಷಿ ಕೊಡುತ್ತದೆ. ಗೋಪುರದ ಅಂಚಿನಲ್ಲಿ, ಆಕಾಶದ ಕಡೆಗೆ, ತೆಳ್ಳನೆ ಬಿಳಿ ಗೆರೆ ಕಂಡರೆ ಅತಿಯಾಯಿತು ಎಂದರ್ಥ. ಕಂಟ್ರೋಲ್–ಝಡ್ ಒತ್ತಿ ವಾಪಸ್ ಬನ್ನಿ. ಕುಗ್ಗಿಸುವ ಮೊದಲು ಶಾರ್ಪನ್ ಮಾಡಿದ್ದು ಕುಗ್ಗಿಸುವಾಗ ಕರಗಿಹೋಗುತ್ತದೆ, ಅದು ವ್ಯರ್ಥ ಶ್ರಮ.

ಉಳಿಸುವಾಗ ಗುಣಮಟ್ಟ 80ರಿಂದ 85. ಬರೀ ಆಕಾಶವಿರುವ ಚಿತ್ರ ಹಗುರವಾಗಿ ಬರುತ್ತದೆ. ಮಲೆನಾಡಿನ ಕಾಡಿನ ಚಿತ್ರದಲ್ಲಿ ಎಲೆಎಲೆಯೂ ವಿವರವೇ ಆದ್ದರಿಂದ ಅದೇ ಅಳತೆಯಲ್ಲಿ ತೂಕ ದುಪ್ಪಟ್ಟಾದರೂ ಆಶ್ಚರ್ಯವಿಲ್ಲ. ಕೆಬಿ ಮಿತಿ ದಾಟಿದರೆ ಗುಣಮಟ್ಟವನ್ನು 70ಕ್ಕಿಂತ ಕೆಳಗೆ ತಳ್ಳುವ ಬದಲು ಅಳತೆಯನ್ನು 1400ಕ್ಕೆ ಇಳಿಸಿ ನೋಡಿ. ಅದೇ ಕಿಟಕಿಯಲ್ಲಿ ‘ಕ್ರೋಮಾ ಸಬ್‌ಸ್ಯಾಂಪ್ಲಿಂಗ್’ ನಿಲ್ಲಿಸುವ ಗುರುತಿದೆ. ಜೆಪೆಗ್ ಸಾಮಾನ್ಯವಾಗಿ ಬಣ್ಣದ ವಿವರವನ್ನು ಬೆಳಕಿನ ವಿವರದ ಅರ್ಧ ಅಳತೆಯಲ್ಲಿ ಇಟ್ಟುಕೊಳ್ಳುತ್ತದೆ. ಹೂವು, ಬೆಟ್ಟಗಳಲ್ಲಿ ಇದು ಗೊತ್ತೇ ಆಗುವುದಿಲ್ಲ. ಕೆಂಪು ಅಕ್ಷರದ ಫಲಕ, ಹಳದಿ–ಕೆಂಪು ಬಾವುಟದ ನಡುಗೆರೆ, ಹಣೆಯ ಕುಂಕುಮ, ಇವುಗಳ ಅಂಚು ಮಾತ್ರ ಕಲಸಿಹೋಗುತ್ತದೆ. ಅಂಥ ಚಿತ್ರಗಳಿಗೆ ಆ ಗುರುತು ಹಾಕಿ, ತೂಕ ಸ್ವಲ್ಪ ಏರಿದರೂ ಸರಿ.

ಇಲ್ಲಿಯವರೆಗೆ ಎಲ್ಲ ಚೆನ್ನ. ತೊಂದರೆ ಶುರುವಾಗುವುದು ಇದೇ ಜೆಪೆಗ್ ಕಿಟಕಿಯ ನೆನಪಿನ ಶಕ್ತಿಯಿಂದ. ಕೊನೆಯ ಸಲ ಹಾಕಿದ ಗುಣಮಟ್ಟದ ಸಂಖ್ಯೆಯನ್ನು ಇದು ಮರೆಯುವುದಿಲ್ಲ. ಯಾವುದೋ ಅರ್ಜಿಗೆಂದು ಒಮ್ಮೆ 30ಕ್ಕೆ ಇಳಿಸಿದ್ದರೆ ಮುಂದಿನ ವಾರದ ಚಿತ್ರವೂ 30ರಲ್ಲೇ ಉಳಿಯುತ್ತದೆ. ‘ಶೋ ಆಪ್ಷನ್ಸ್ ಡೈಲಾಗ್’ ಗುರುತು ತೆಗೆದಿದ್ದರಂತೂ ಆ ಸಂಖ್ಯೆ ಕಣ್ಣಿಗೂ ಬೀಳದು. ಆ ಗುರುತನ್ನು ಯಾವತ್ತೂ ತೆಗೆಯಬೇಡಿ. ಪ್ರತಿ ಸಲ ಸಂಖ್ಯೆ ನೋಡಿ, ‘ಸೆಟ್ ಫೈಲ್ ಸೈಜ್’ ಖಾನೆಯಲ್ಲಿ ಹಳೇ ಕೆಬಿ ಕೂತಿದೆಯೇ ನೋಡಿ. ಮೂಲ ಫೈಲಿನ ಹೆಸರಿನ ಮೇಲೆಯೇ ಉಳಿಸಿದರೆ ಮೂಲವೇ ಹೋಯಿತು. ಕುಗ್ಗಿಸಿದ ಪ್ರತಿಗಳಿಗೆ ಬೇರೆ ಫೋಲ್ಡರ್ ಇರಲಿ.

ಅರ್ಜಿ ಎಂದೆನಲ್ಲ, ಬ್ಯಾಂಕ್ ಪರೀಕ್ಷೆ ಬರೆಯುವ ಮಕ್ಕಳಿರುವ ಮನೆಯಲ್ಲಿ ಈ ತಂತ್ರಾಂಶದ ಅರ್ಧ ಬಳಕೆ ಅದೇ. ಬ್ಯಾಂಕ್ ನೇಮಕಾತಿ ಪರೀಕ್ಷೆ ನಡೆಸುವ ಐಬಿಪಿಎಸ್ ಕೇಳುವ ಭಾವಚಿತ್ರ 200×230 ಪಿಕ್ಸೆಲ್, 20ರಿಂದ 50 ಕೆಬಿ. ಪಾಸ್‌ಪೋರ್ಟ್ ಫೋಟೋ 35×45 ಮಿಲಿಮೀಟರ್, ಅದರ ಅಗಲ–ಎತ್ತರದ ಅನುಪಾತವೇ ಬೇರೆ. ಆಸ್ಪೆಕ್ಟ್ ರೇಶಿಯೋ ಗುರುತು ತೆಗೆದು ಬಲವಂತವಾಗಿ 200×230 ಮಾಡಿದರೆ ಮುಖ ಶೇ. 12ರಷ್ಟು ಅಗಲವಾಗುತ್ತದೆ. ಸ್ಕ್ಯಾನ್ 700×900 ಇದ್ದರೆ ಮೊದಲು ಶಿಫ್ಟ್–ಸಿ ಒತ್ತಿ 700×805ರ ಚೌಕ ಕೊಟ್ಟು ಕತ್ತರಿಸಿ, ಆಮೇಲೆ ಕುಗ್ಗಿಸಿ.

ಅಲ್ಲಿ ಹೆಚ್ಚಿನವರು ಎಡವುವುದು ಕೆಳಗಿನ ಮಿತಿಯಲ್ಲಿ. 200×230 ಎಂದರೆ ಬರೀ 46,000 ಪಿಕ್ಸೆಲ್. ಗುಣಮಟ್ಟ 80ರಲ್ಲಿ ಅದು 20 ಕೆಬಿಗೂ ಮುಟ್ಟದೆ ತಿರಸ್ಕೃತವಾಗಬಹುದು. ‘ಫೈಲ್ ಸೈಜ್ ಸರಿಯಿಲ್ಲ’ ಎಂಬ ಸಂದೇಶ ನೋಡಿ ಇನ್ನೂ ಕುಗ್ಗಿಸುತ್ತಾ ಕೂರುತ್ತಾರೆ, ಮಾಡಬೇಕಾದ್ದು ತದ್ವಿರುದ್ಧ: ಗುಣಮಟ್ಟ 95ಕ್ಕೆ ಏರಿಸಿ. ಸಹಿಗೆ 140×60, 10ರಿಂದ 20 ಕೆಬಿ. ಅದು ಇನ್ನೂ ಕಷ್ಟ, ಬಹುಭಾಗ ಬಿಳಿ ಕಾಗದವೇ. ಬಣ್ಣದಲ್ಲಿ ಸ್ಕ್ಯಾನ್ ಮಾಡಿ, ಗುಣಮಟ್ಟ 100, ಕ್ರೋಮಾ ಸಬ್‌ಸ್ಯಾಂಪ್ಲಿಂಗ್ ಬಂದ್. ಅಳತೆ, ಕೆಬಿಗಳನ್ನು ಆಯಾ ವರ್ಷದ ಅಧಿಸೂಚನೆಯಲ್ಲಿ ಒಮ್ಮೆ ತಾಳೆ ನೋಡಿಕೊಳ್ಳಿ.

ಫೋಟೋ ಜೊತೆಗೆ ಅಡಗಿ ಹೋಗುವ ಎಕ್ಸಿಫ್ ಮಾಹಿತಿ ಇನ್ನೊಂದು ಗೋಳು. ‘ಕೀಪ್ ಒರಿಜಿನಲ್ ಎಕ್ಸಿಫ್’ ಗುರುತು ಇದ್ದರೆ ಲೆನ್ಸ್, ಶಟರ್ ವಿವರ ಉಳಿಯುತ್ತದೆ, ಜೊತೆಗೆ ಮೊಬೈಲಿನ ಜಿಪಿಎಸ್ ಬರೆದ ನೆಲೆಯೂ ಉಳಿಯುತ್ತದೆ. ಮನೆಯಂಗಳದ ಫೋಟೋ ಮನೆಯ ನೆಲೆಯನ್ನು ಹೇಳುತ್ತದೆ. ಹಕ್ಕಿಯ ಗೂಡಿನ ಫೋಟೋ ಗೂಡಿನ ನೆಲೆಯನ್ನು ಹೇಳುತ್ತದೆ, ಇದು ಇನ್ನೂ ಕೆಟ್ಟದ್ದು. ಈ ಎರಡಕ್ಕೆ ಗುರುತು ತೆಗೆಯಲೇಬೇಕು. ಎಕ್ಸಿಫ್ ಉಳಿಸಿದರೆ ‘ರೀಸೆಟ್ ಎಕ್ಸಿಫ್ ಓರಿಯೆಂಟೇಶನ್’ ಗುರುತನ್ನೂ ಹಾಕಿ. ಇಲ್ಲವಾದರೆ ಇಲ್ಲಿ ನೆಟ್ಟಗೆ ತಿರುಗಿಸಿ ಉಳಿಸಿದ ಚಿತ್ರವನ್ನು ಬ್ರೌಸರ್ ಎಕ್ಸಿಫ್‌ನ ಹಳೇ ದಿಕ್ಕಿನ ಸೂಚನೆ ನಂಬಿ ಮತ್ತೊಮ್ಮೆ ತಿರುಗಿಸುತ್ತದೆ. ಅಡ್ಡಬಿದ್ದ ಫೋಟೋಗಳಲ್ಲಿ ಎಷ್ಟೋ ಹೀಗೆ ಅಡ್ಡಬಿದ್ದವು.

ಬಣ್ಣದ ವಿಷಯಕ್ಕೂ ಎಚ್ಚರ ಬೇಕು. ಐಫೋನಿನ ಹೈಕ್ ಫೈಲುಗಳಿಗೆ ಪ್ಲಗಿನ್ (ಮೇಲಿಂದ ಜೋಡಿಸುವ ಪುಟ್ಟ ತಂತ್ರಾಂಶ) ಬೇಕು, ಮೂಲ ತಂತ್ರಾಂಶದ ಜೊತೆಗೇ ಪ್ಲಗಿನ್ ಪ್ಯಾಕೇಜನ್ನೂ ಹಾಕಿಕೊಳ್ಳಿ. ಅವುಗಳ ಬಣ್ಣದ ಪ್ರೊಫೈಲ್ (ಯಾವ ಅಂಕಿ ಎಂದರೆ ಯಾವ ಬಣ್ಣ ಎಂಬ ಸೂಚನೆ) ಸಾಮಾನ್ಯವಾಗಿ ಡಿಸ್‌ಪ್ಲೇ ಪಿ3. ಕುಗ್ಗಿಸುವಾಗ ಆ ಪ್ರೊಫೈಲ್ ಕಳಚಿಹೋಗಿ ಅಂಕಿಗಳು ಹಾಗೇ ಉಳಿದರೆ ಬ್ರೌಸರ್ ಅವನ್ನು ವೆಬ್‌ನ ಮಾಮೂಲಿ ಪ್ರೊಫೈಲ್ ಆದ ಎಸ್‌ಆರ್‌ಜಿಬಿ ಎಂದುಕೊಳ್ಳುತ್ತದೆ, ದಾಸವಾಳದ ಕೆಂಪು ಪೇಲವವಾಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಕಲರ್ ಮ್ಯಾನೇಜ್‌ಮೆಂಟ್ ಚಾಲೂ ಮಾಡಿಕೊಂಡು, ಉಳಿಸಿದ ಪ್ರತಿಯನ್ನು ಬ್ರೌಸರಿನಲ್ಲೇ ತೆರೆದು ಮೂಲದ ಪಕ್ಕ ಇಟ್ಟು ನೋಡುವುದು ಕ್ಷೇಮ.

ರಾತ್ರಿಯ ದೀಪಾಲಂಕಾರದ ಚಿತ್ರ ಬಂದಾಗ ಮಾತ್ರ ಕಂಟ್ರೋಲ್–ಆರ್ ಮೇಲಿನ ಪ್ರೀತಿ ತಗ್ಗುತ್ತದೆ. ದೀಪ ಹೊತ್ತಿಸಿದ ಮೈಸೂರು ಅರಮನೆಯನ್ನು ಇಡೀ ಚೌಕಟ್ಟಿನಲ್ಲಿ ಹಿಡಿದರೆ ಒಂದೊಂದು ಬಲ್ಬು ಒಂದೆರಡು ಪಿಕ್ಸೆಲ್, ನಡುವೆ ಕತ್ತಲು. ಕುಗ್ಗಿಸುವ ತಂತ್ರಾಂಶಗಳು ಸಾಮಾನ್ಯವಾಗಿ ಫೈಲಿನಲ್ಲಿರುವ ಅಂಕಿಗಳ ಸರಾಸರಿ ತೆಗೆಯುತ್ತವೆ, ಬೆಳಕಿನ ಸರಾಸರಿಯನ್ನಲ್ಲ. ಕಪ್ಪು 0, ಬಿಳಿ 255, ಸರಾಸರಿ 128. ಆದರೆ ಎಸ್‌ಆರ್‌ಜಿಬಿಯಲ್ಲಿ 128 ಎಂದರೆ ಪೂರ್ತಿ ಬೆಳಕಿನ ಶೇ. 22 ಮಾತ್ರ. ನಿಜವಾದ ಅರ್ಧ ಬೆಳಕು 188ರಲ್ಲಿದೆ. ಹಾಗಾಗಿ ದೀಪದ ಸಾಲುಗಳು ಮಂಕಾಗುತ್ತವೆ, ಅರಮನೆ ಅರ್ಧ ನಂದಿದಂತೆ ಕಾಣುತ್ತದೆ. ಶಾರ್ಪನ್ ಮಾಡಿದರೆ ಇದು ಹೋಗುವುದಿಲ್ಲ, ಬ್ರೈಟ್‌ನೆಸ್ ಏರಿಸಿದರೆ ಆಕಾಶ ಬೂದಾಗುತ್ತದೆ. ಇಂಥ ಚಿತ್ರಗಳಿಗೆ ಇಮೇಜ್‌ಮ್ಯಾಜಿಕ್ ಎಂಬ ಇನ್ನೊಂದು ತಂತ್ರಾಂಶ ಬಳಸಿ: ಮೊದಲು ಲೀನಿಯರ್ ಬೆಳಕಿಗೆ (ಅಂಕಿ ಅರ್ಧವಾದರೆ ಬೆಳಕೂ ಅರ್ಧವಾಗುವ ಲೆಕ್ಕಕ್ಕೆ) ತಿರುಗಿಸಿ, ಕುಗ್ಗಿಸಿ, ಮತ್ತೆ ಎಸ್‌ಆರ್‌ಜಿಬಿಗೆ ತರಬೇಕು. ಅದಕ್ಕೆ ಕಿಟಕಿ ಇಲ್ಲ, ಆಜ್ಞೆ ಟೈಪ್ ಮಾಡಬೇಕು. ದಸರಾ, ದೀಪಾವಳಿಯ ಚಿತ್ರಗಳಿಗೆ ಆ ಶ್ರಮ ಸಾರ್ಥಕ.

ರಾಶಿ ಚಿತ್ರಗಳಿದ್ದರೆ ಬಿ ಒತ್ತಿ. ಅಡ್ವಾನ್ಸ್ಡ್ ಆಯ್ಕೆಗಳಲ್ಲಿ ಲಾಂಗ್ ಸೈಡ್ 1600 ಎಂದು ಕೊಟ್ಟರೆ ಅಡ್ಡ, ಉದ್ದ ಎರಡೂ ಬಗೆಯ ಚಿತ್ರಗಳು ಸರಿಯಾಗಿ ಇಳಿಯುತ್ತವೆ. ಬರೀ ಅಗಲ ಕೊಟ್ಟರೆ ನಿಂತ ಚಿತ್ರಗಳು ದೈತ್ಯವಾಗುತ್ತವೆ. ಸಣ್ಣ ಚಿತ್ರಗಳನ್ನು ಹಿಗ್ಗಿಸದಿರುವ ಗುರುತೂ ಅಲ್ಲೇ ಇದೆ. ಹೆಸರಿನ ಖಾನೆಯಲ್ಲಿ ಮೂರು ಹ್ಯಾಶ್ ಚಿಹ್ನೆ ಹಾಕಿದರೆ 001, 002 ಎಂದು ತಾನೇ ಎಣಿಸುತ್ತದೆ. ಇಲ್ಲಿ ಶಾರ್ಪನ್‌ಗೆ ಒಂದೇ ಸಂಖ್ಯೆ ಎಲ್ಲಕ್ಕೂ ಅನ್ವಯಿಸುವುದರಿಂದ ಸಣ್ಣದೇ ಇಡಿ. ಮಂಜಿನ ಬೆಟ್ಟಕ್ಕೆ ಬೇಕಾದದ್ದು ಹಕ್ಕಿಯ ಗರಿಗೆ ಬೇಕಾದದ್ದಲ್ಲ.

ಮನೆಯ ಬಳಕೆಗೆ ಪೂರ್ತಿ ಉಚಿತ. ಸ್ಟುಡಿಯೋ, ಸೈಬರ್ ಸೆಂಟರ್‌ಗಳು ಮಾತ್ರ ಪರವಾನಗಿ ಕೊಳ್ಳಬೇಕು. ದಿನಕ್ಕೆ ಹತ್ತಾರು ಅರ್ಜಿ ಫೋಟೋ ಸರಿಮಾಡಿ ದುಡಿಯುವ ಅಂಗಡಿಗೆ ಆ ಖರ್ಚು ನ್ಯಾಯವಾದದ್ದೇ.